ಮೆಮೊರಿ ಕಾರ್ಡೂ ಅದನ್ನು ಓದತಕ್ಕ ಯಂತ್ರವೂ

ಈಚಿನ ವರ್ಷಗಳಲ್ಲಿ ನಮ್ಮ ಗ್ರಾಮಗಳಲ್ಲಿ ಮೆಮೊರಿ ಕಾರ್ಡೆಂಬ ಪುಟ್ಟ ವಸ್ತುವಿನ ಬಳಕೆಯು ಎಷ್ಟು ಹೆಚ್ಚಿದೆಯೆಂಬುದನ್ನು ವಾಚಕರಿಗೆ ವಿವರಿಸಬೇಕಾದುದಿಲ್ಲ. ಪೈರಿಗೆ ತಗಲಿದ ರೋಗದ ಚಿತ್ರಗಳು, ಎಲ್ಲೆಕಲ್ಲುಗಳ ಗುರುತುಗಳು, ಪಹಣಿ ಕ್ರಯಪತ್ರಗಳ ನಕಲುಗಳು, ಕೊಳವೆ ಬಾವಿಯ ಖರ್ಚಿನ ರಸೀತಿಗಳು ಇವೆಲ್ಲವೂ ಬೆರಳಿನ ಉಗುರಿನಷ್ಟಗಲದ ಕಾರ್ಡೊಂದರಲ್ಲಿ ಅಡಗಿರುತ್ತವೆ. ಹಿಂದೆ ಸಂದೂಕದಲ್ಲಿಟ್ಟು ಬೀಗ ಹಾಕುತ್ತಿದ್ದ ಕಾಗದಪತ್ರಗಳಿಗೆ ಎಷ್ಟು ಬೆಲೆಯಿತ್ತೋ ಇದಕ್ಕೂ ಅಷ್ಟೇ ಬೆಲೆಯುಂಟು. ಆದರೆ ಸಂದೂಕದ ವಿಷಯದಲ್ಲಿದ್ದ ಎಚ್ಚರಿಕೆಯು ಈ ಕಾರ್ಡಿನ ವಿಷಯದಲ್ಲಿ ಇಲ್ಲವೆಂಬುದು ಸಂಚಾರಕಾಲದಲ್ಲಿ ಪದೇ ಪದೇ ಕಂಡುಬರುತ್ತಲಿದೆ. "ಫೋನಿನಲ್ಲಿ ಚೆನ್ನಾಗಿ ಕಾಣುತ್ತಿತ್ತು, ಕಂಪ್ಯೂಟರಿಗೆ ಹಾಕಿದರೆ ಏನೂ ಇಲ್ಲ, ಕಾರ್ಡು ಕೆಟ್ಟಿತು ಸ್ವಾಮಿ" ಎಂದು ಹೇಳಿಕೊಂಡು ಬರುವ ಗೃಹಸ್ಥರು ಅನೇಕರು. ಹೀಗೆ ತಂದ ಕಾರ್ಡುಗಳನ್ನು ಪರೀಕ್ಷಿಸಿ ನೋಡಿದಲ್ಲಿ, ನಿಜವಾಗಿ ಕೆಟ್ಟವು ಕೆಲವು ಮಾತ್ರವೇ. ಉಳಿದವುಗಳಲ್ಲಿ ದೋಷವು ಕಾರ್ಡಿನದಲ್ಲ, ಅದನ್ನು ಓದಲು ಹೊರಟ ಯಂತ್ರಕ್ಕೂ ಅದಕ್ಕೂ ಹೊಂದಿಕೆಯಿಲ್ಲದಿರುವುದೇ ಕಾರಣವಾಗಿರುತ್ತದೆ.

ಈ ವಿಚಾರವನ್ನು ಬರೆಯುವುದಕ್ಕೆ ನನ್ನದೇ ಆದ ಒಂದು ತಪ್ಪು ಪ್ರೇರಣೆಯಾಗಿದೆಯಾದುದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ೨೦೨೧ನೆಯ ನವೆಂಬರ್ ತಿಂಗಳಿನ ಅಕಾಲ ವೃಷ್ಟಿಯಿಂದ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಜಿಲ್ಲೆಗಳಲ್ಲಿ ಕೊಯ್ಲಿಗೆ ಬಂದಿದ್ದ ರಾಗಿಯು ನೆಲಕಚ್ಚಿ ತೆನೆಯಲ್ಲಿಯೇ ಮೊಳೆತುಹೋದುದನ್ನು ಯಾರೂ ಮರೆತಿರಲಾರರು. ಕೊಯ್ದು ಹೊಲದಲ್ಲಿ ಒಣಗಲು ಹರಡಿದ ಬೆಳೆಗೆ ಹದಿನಾಲ್ಕು ದಿವಸಗಳೊಳಗೆ ಇಂತಹ ಮಳೆಯಿಂದ ನಷ್ಟವುಂಟಾದರೆ ೭೨ ಗಂಟೆಗಳೊಳಗೆ ತಿಳಿಸತಕ್ಕದ್ದೆಂದು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಧಿಸಿರುವುದರಿಂದ, ಆ ದಿವಸಗಳಲ್ಲಿ ಒಂದೊಂದು ಗಂಟೆಯೂ ಅಮೂಲ್ಯವಾಗಿತ್ತು. ನಾನು ಹನ್ನೊಂದು ಹಿಡುವಳಿಗಳಿಗೆ ಹೋಗಿ ಫೋನಿನಿಂದ ಚಿತ್ರಗಳನ್ನು ತೆಗೆದು, ಅದರೊಳಗಿದ್ದ ೬೪ ಜಿ.ಬಿ. ಕಾರ್ಡಿನಲ್ಲಿ ಶೇಖರಿಸಿದ್ದೆನು. ಮೊಳೆತ ತೆನೆಗಳನ್ನು ಹತ್ತಿರದಿಂದ ತೆಗೆಯೋಣವೆಂದು ಹಳೆಯ ಕೈಕ್ಯಾಮರಾವೊಂದನ್ನು ಹೊರತೆಗೆದಾಗ ಅದರ ಕಾರ್ಡು ಮನೆಯಲ್ಲಿಯೇ ಉಳಿದಿತ್ತು. ಫೋನಿನ ಕಾರ್ಡನ್ನು ಕಿತ್ತು ಅಡಾಪ್ಟರಿನಲ್ಲಿ ಇಟ್ಟು ಕ್ಯಾಮರಾಕ್ಕೆ ಹಾಕಿದೆನು. "ಈ ಕಾರ್ಡನ್ನು ಫಾರ್ಮ್ಯಾಟ್ ಮಾಡಲೇ?" ಎಂದು ಕ್ಯಾಮರಾವು ಕೇಳಿತು. ಮಳೆ ಮತ್ತೆ ಹನಿಯುತ್ತಿತ್ತು, ರೈತರು ಸುತ್ತ ನಿಂತಿದ್ದರು. ನಾನು ಆಗಲೆಂದು ಗುಂಡಿಯನ್ನೊತ್ತಿ ಇಪ್ಪತ್ತು ಚಿತ್ರಗಳನ್ನು ತೆಗೆದೆನು. ಸಾಯಂಕಾಲ ನೋಡುವಲ್ಲಿ ಆ ಇಪ್ಪತ್ತು ಚಿತ್ರಗಳು ಮಾತ್ರ ಇದ್ದುವು. ಮೂರನೆಯ ದಿವಸ ಪುನಃ ಹೋಗಿ ನೋಡಿದರೆ ಹನ್ನೊಂದರಲ್ಲಿ ಎರಡು ಹೊಲಗಳ ಪೈರನ್ನು ದನಗಳ ಮೇವಿಗೆಂದು ಆಗಲೇ ಸಾಗಿಸಿಬಿಟ್ಟಿದ್ದರು. ಆ ಇಬ್ಬರು ರೈತರೊಡನೆ ಮಾತನಾಡಲು ನನಗೆ ಬಾಯಿ ಬರಲಿಲ್ಲ.

ಕ್ಯಾಮರಾವು ಕೆಟ್ಟಿರಲಿಲ್ಲ, ಕಾರ್ಡೂ ಕೆಟ್ಟಿರಲಿಲ್ಲ. ಹಾಗಿದ್ದರೂ ಇದು ಹೇಗೆ ಆಯಿತೆಂಬುದನ್ನು ತಿಳಿಯಬೇಕಾದರೆ, ಕಾರ್ಡೊಂದು ಯಂತ್ರವೊಂದಕ್ಕೆ ಹೊಂದುವುದೆಂದರೆ ಮೂರು ಬಾಗಿಲುಗಳನ್ನು ದಾಟುವುದೆಂದು ಭಾವಿಸಿಕೊಳ್ಳಬೇಕು. ಮೊದಲನೆಯದು ಆಕಾರದ ಬಾಗಿಲು, ಎರಡನೆಯದು ಅಳತೆಯ ಬಾಗಿಲು, ಮೂರನೆಯದು ಲಿಪಿಯ ಬಾಗಿಲು. ನಮ್ಮ ಜನರು ಮೊದಲನೆಯದನ್ನು ದಾಟಿದೊಡನೆಯೇ ಮನೆಯ ಒಳಗೆ ಬಂದೆವೆಂದು ತಿಳಿಯುವುದರಿಂದಲೇ ಕಷ್ಟನಷ್ಟಗಳೆಲ್ಲ ಉಂಟಾಗುತ್ತವೆ.

ಆಕಾರವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ೧೯೯೪ರಲ್ಲಿ ಕಾಂಪ್ಯಾಕ್ಟ್‌ಫ್ಲ್ಯಾಷ್, ೧೯೯೮ರಲ್ಲಿ ಸೋನಿ ಕಂಪೆನಿಯ ಮೆಮೊರಿ ಸ್ಟಿಕ್, ೨೦೦೨ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಕಂಪೆನಿಗಳ ಎಕ್ಸ್.ಡಿ. ಕಾರ್ಡು, ಹೀಗೆ ಒಬ್ಬೊಬ್ಬರು ಒಂದೊಂದು ಆಕಾರವನ್ನು ಹೊರತಂದರು. ಇವು ಒಂದರ ಗೂಡಿಗೆ ಇನ್ನೊಂದು ಸೇರುವುದೇ ಇಲ್ಲವಾದ್ದರಿಂದ ಮೋಸಹೋಗುವ ಸಂಭವವೂ ಇಲ್ಲ. ಈಗ ಪೇಟೆಯಲ್ಲಿ ಬಹುಮಟ್ಟಿಗೆ ನೆಲೆಯಾಗಿರುವುದು ೧೯೯೯ರಲ್ಲಿ ಪ್ಯಾನಸಾನಿಕ್, ಸ್ಯಾನ್‌ಡಿಸ್ಕ್, ತೊಷಿಬಾ ಈ ಮೂರು ಕಂಪೆನಿಗಳು ಕೂಡಿ ಪ್ರಕಟಿಸಿದ ಎಸ್.ಡಿ. ಎಂಬ ಜಾತಿಯು. ಇದರ ದೊಡ್ಡ ಕಾರ್ಡು ೩೨ ಮಿಲ್ಲಿಮೀಟರು ಉದ್ದ, ೨೪ ಮಿಲ್ಲಿಮೀಟರು ಅಗಲವಿರುತ್ತದೆ. ಫೋನುಗಳಿಗೆ ಹಾಕುವ ಮೈಕ್ರೋ ಎಸ್.ಡಿ. ಕಾರ್ಡು ೧೫ ಮಿಲ್ಲಿಮೀಟರು ಉದ್ದ, ೧೧ ಮಿಲ್ಲಿಮೀಟರು ಅಗಲ. ಚಿಕ್ಕದನ್ನು ಅಡಾಪ್ಟರೆಂಬ ಒರೆಯಲ್ಲಿ ಇಟ್ಟರೆ ದೊಡ್ಡದರ ಗೂಡಿಗೆ ಸೇರುತ್ತದೆ. ಒರೆಯಲ್ಲಿ ತಂತಿಗಳಲ್ಲದೆ ಬೇರೆ ಏನೂ ಇಲ್ಲ. ಅದು ಕಾರ್ಡಿನ ಗುಣವನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ.

ಒರೆಯ ಪಕ್ಕದಲ್ಲಿರುವ ಚಿಕ್ಕ ಜಾರುಗುಂಡಿಯ ವಿಷಯವನ್ನು ಮಾತ್ರ ಹೇಳಬೇಕು. ಅದು ಕೆಳಗೆ ಜಾರಿದ್ದರೆ "ಕಾರ್ಡಿಗೆ ಬೀಗ ಹಾಕಿದೆ, ಬರೆಯಲಾಗದು" ಎಂದು ಕ್ಯಾಮರಾ ತಿಳಿಸುತ್ತದೆ. ಈ ಬೀಗವು ಕಾರ್ಡಿನ ಒಳಗೆ ಇಲ್ಲ. ಗುಂಡಿಯು ಎಲ್ಲಿದೆಯೆಂಬುದನ್ನು ಯಂತ್ರವು ಹೊರಗಿನಿಂದ ಮುಟ್ಟಿ ನೋಡಿಕೊಳ್ಳುತ್ತದೆ, ಅಷ್ಟೆ. ಹಳೆಯ ಒರೆಗಳಲ್ಲಿ ಗುಂಡಿಯು ಸಡಿಲವಾಗಿ, ಕಾರ್ಡನ್ನು ಗೂಡಿಗೆ ನೂಕುವಾಗಲೇ ಕೆಳಗೆ ಜಾರುವುದುಂಟು. ಇದನ್ನು ಅರಿಯದೆ ಹೊಸ ಕಾರ್ಡು ಕೊಂಡವರನ್ನು ನಾನು ಬಲ್ಲೆನು.

ಇನ್ನು ಅಳತೆಯ ಬಾಗಿಲು. ಎಸ್.ಡಿ. ಜಾತಿಯಲ್ಲಿ ತಲೆಮಾರುಗಳುಂಟು. ಮೊದಲಿನ ಎಸ್.ಡಿ. ಕಾರ್ಡುಗಳ ಮಿತಿ ೨ ಜಿ.ಬಿ.; ೨೦೦೬ರಲ್ಲಿ ಬಂದ ಎಸ್.ಡಿ.ಎಚ್.ಸಿ. ಎಂಬುವು ಅದಕ್ಕೆ ಮೇಲ್ಪಟ್ಟು ೩೨ ಜಿ.ಬಿ. ವರೆಗಿನವು, ೨೦೦೯ರಲ್ಲಿ ಪ್ರಕಟವಾದ ಎಸ್.ಡಿ.ಎಕ್ಸ್.ಸಿ. ಎಂಬುವು ೩೨ ಜಿ.ಬಿ.ಗೆ ಮೇಲ್ಪಟ್ಟು ೨ ಟಿ.ಬಿ., ಎಂದರೆ ಸುಮಾರು ೨೦೦೦ ಜಿ.ಬಿ. ವರೆಗಿನವು. ೨೦೧೮ರಲ್ಲಿ ಇವಕ್ಕೂ ಮೇಲಿನ ಇನ್ನೊಂದು ತಲೆಮಾರನ್ನು ಗೊತ್ತುಮಾಡಿರುವರಾದರೂ ನಮ್ಮ ವ್ಯವಹಾರಕ್ಕೆ ಅದು ಬೇಕಾಗಿಲ್ಲ. ಎಲ್ಲ ತಲೆಮಾರುಗಳ ಕಾರ್ಡುಗಳಿಗೂ ಆಕಾರವು ಒಂದೇ. ಮೊಮ್ಮಗನಾದ ಯಂತ್ರವು ತಾತನ ಕಾಲದ ಕಾರ್ಡನ್ನು ಓದಬಲ್ಲದು. ತಾತನಾದ ಯಂತ್ರವು ಮೊಮ್ಮಗನ ಕಾಲದ ಕಾರ್ಡನ್ನು ಓದಲಾರದು.

ಇದಕ್ಕೆ ಕಾರಣವನ್ನು ಕಣಜದ ಲೆಕ್ಕದಿಂದ ತಿಳಿಯಬಹುದು. ಕಣಜದಲ್ಲಿರುವ ಧಾನ್ಯದ ಪ್ರತಿಯೊಂದು ಪಾವಿಗೂ ಒಂದು ಸಂಖ್ಯೆಯನ್ನು ಕೊಟ್ಟು ಲೆಕ್ಕವಿಡುವ ಗುಮಾಸ್ತನೊಬ್ಬನು ಇರುವನೆಂದೂ, ಅವನ ಪುಸ್ತಕದಲ್ಲಿ ಇಂತಿಷ್ಟು ಅಂಕಿಗಳಿಗಿಂತ ಉದ್ದವಾದ ಸಂಖ್ಯೆಯನ್ನು ಬರೆಯಲು ಸ್ಥಳವಿಲ್ಲವೆಂದೂ ಭಾವಿಸಿರಿ. ಆ ಸಂಖ್ಯೆಗಳು ಮುಗಿದೊಡನೆಯೇ ಕಣಜವು ಎಷ್ಟು ದೊಡ್ಡದಾದರೂ ಅವನ ಪಾಲಿಗೆ ಅಷ್ಟಕ್ಕೇ ಮುಗಿಯಿತು. ಹಳೆಯ ಎಸ್.ಡಿ. ಪದ್ಧತಿಯಲ್ಲಿ ಬೈಟೆಂಬ ಅತಿ ಚಿಕ್ಕ ಅಳತೆಗೂ ಒಂದೊಂದು ಸಂಖ್ಯೆ. ಸಂಖ್ಯೆ ಬರೆಯಲು ಇಟ್ಟಿದ್ದ ಸ್ಥಳದಲ್ಲಿ ೪೨೯ ಕೋಟಿಗೆ ಸ್ವಲ್ಪ ಮೇಲ್ಪಟ್ಟ ಸಂಖ್ಯೆಗಳು ಮಾತ್ರ ಹಿಡಿಸುತ್ತಿದ್ದುವು; ೪ ಜಿ.ಬಿ. ಎಂಬುದು ಇಷ್ಟೇ. ಎಚ್.ಸಿ. ಪದ್ಧತಿಯಲ್ಲಿ ಪಾವುಗಳನ್ನು ಎಣಿಸುವುದನ್ನು ಬಿಟ್ಟು ಮೂಟೆಗಳನ್ನು ಎಣಿಸಲಾರಂಭಿಸಿದರು. ೫೧೨ ಬೈಟುಗಳಿಗೆ ಒಂದು ಮೂಟೆ, ಒಂದು ಮೂಟೆಗೆ ಒಂದು ಸಂಖ್ಯೆ. ಸಂಖ್ಯೆಗಳು ಮೊದಲಿನಷ್ಟೇ ಇದ್ದರೂ ಕಣಜವು ೫೧೨ ಪಾಲು ದೊಡ್ಡದಾಗಿ ೨ ಟಿ.ಬಿ. ವರೆಗೂ ಲೆಕ್ಕ ಸಿಕ್ಕಿತು. ಮೂಟೆಯ ಲೆಕ್ಕವನ್ನು ಅರಿಯದ ಹಳೆಯ ಯಂತ್ರಕ್ಕೆ ಎಚ್.ಸಿ. ಕಾರ್ಡನ್ನು ಹಾಕಿದರೆ ಕಾರ್ಡು ಅದರ ಕರೆಗೆ ಓಗೊಡುವುದೇ ಇಲ್ಲ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಎಸ್.ಡಿ.ಗೂ ಎಚ್.ಸಿ.ಗೂ ನಡುವೆ ಇರುವ ಗೋಡೆಯು ಕಲ್ಲಿನ ಗೋಡೆ. ೨೦೦೬ಕ್ಕೆ ಹಿಂದಿನ ಕ್ಯಾಮರಾ ಅಥವಾ ಕಾರ್ಡ್ ರೀಡರು ಇದ್ದರೆ ಅದಕ್ಕೆ ೨ ಜಿ.ಬಿ. ಕಾರ್ಡನ್ನೇ ಹುಡುಕಬೇಕು, ಇಲ್ಲವೆ ಯಂತ್ರವನ್ನು ಬದಲಾಯಿಸಬೇಕು. ಎಚ್.ಸಿ.ಗೂ ಎಕ್ಸ್.ಸಿ.ಗೂ ನಡುವೆ ಎಣಿಕೆಯ ಪದ್ಧತಿಯು ಒಂದೇ. ಅಲ್ಲಿರುವ ಗೋಡೆಯು ಬಹುಮಟ್ಟಿಗೆ ಲಿಪಿಯ ಗೋಡೆ.

ಧಾರವಾಡ ಬೆಳಗಾವಿಗಳ ಕಡೆ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಕಾಗದಗಳು ಇರುವುದನ್ನು ಅನೇಕರು ಕಂಡಿರಬಹುದು. ಮೋಡಿ ಬಾರದವನಿಗೆ ಅದು ಗೀಚಿದ ಕಾಗದವಾಗಿ ಕಾಣುತ್ತದೆ. ಬರುವವನಿಗೆ ಇನಾಮಿನ ಪತ್ರವಾಗಿ ಕಾಣುತ್ತದೆ. ಕಾರ್ಡಿನಲ್ಲಿ ಯಾವ ಚಿತ್ರವು ಯಾವ ಮೂಟೆಯಲ್ಲಿದೆಯೆಂದು ಬರೆದಿಡುವ ಖಾತೆಯೊಂದಿರುತ್ತದೆ. ೩೨ ಜಿ.ಬಿ. ವರೆಗಿನ ಎಚ್.ಸಿ. ಕಾರ್ಡುಗಳಲ್ಲಿ ಈ ಖಾತೆಯನ್ನು ಫ್ಯಾಟ್-೩೨ ಎಂಬ ಪದ್ಧತಿಯಲ್ಲಿ ಬರೆದಿರುವುದು ನಿಯಮ. ಅದಕ್ಕೆ ಮೇಲ್ಪಟ್ಟ ಎಕ್ಸ್.ಸಿ. ಕಾರ್ಡುಗಳಲ್ಲಿ ಎಕ್ಸ್‌ಫ್ಯಾಟ್ ಎಂಬ ಪದ್ಧತಿಯಲ್ಲಿ ಬರೆದಿರುತ್ತದೆ. ಎಕ್ಸ್‌ಫ್ಯಾಟ್ ಪದ್ಧತಿಯನ್ನು ಮೈಕ್ರೋಸಾಫ್ಟ್ ಕಂಪೆನಿಯವರು ೨೦೦೬ರಲ್ಲಿ ಹೊರತಂದು, ಅದರ ವಿವರಗಳನ್ನು ೨೦೧೯ರಲ್ಲಿ ಎಲ್ಲರಿಗೂ ಬಹಿರಂಗಪಡಿಸಿದರು. ಅಲ್ಲಿಯ ವರೆಗೆ ಅನೇಕ ಫೋನುಗಳಲ್ಲಿಯೂ ಚಿಕ್ಕ ಯಂತ್ರಗಳಲ್ಲಿಯೂ ಅದನ್ನು ಓದುವ ಏರ್ಪಾಡು ಇರಲಿಲ್ಲ. ಗುಂಡಿಯ ಫೋನುಗಳು, ಹಳೆಯ ಕೈಕ್ಯಾಮರಾಗಳು, ಎಲ್ಲೆ ಗುರುತಿಸಲು ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಯಂತ್ರಗಳು, ಭಜನೆ ಹರಿಕಥೆಗಳನ್ನು ಹಾಡಿಸುವ ಪುಟ್ಟ ಸ್ಪೀಕರ್ ಪೆಟ್ಟಿಗೆಗಳು, ಇವುಗಳಲ್ಲಿ ಬಹಳ ಮಟ್ಟಿಗೆ ೩೨ ಜಿ.ಬಿ.ಯೇ ಮೇರೆ, ಫ್ಯಾಟ್-೩೨ ಒಂದೇ ಭಾಷೆ.

ಅರಿಯದ ಲಿಪಿಯನ್ನು ಕಂಡ ಮನುಷ್ಯನು ಅದನ್ನು ಬಲ್ಲವರ ಬಳಿಗೆ ಕಳುಹಿಸುತ್ತಾನೆ. ಯಂತ್ರಕ್ಕೆ ಆ ವಿವೇಕವಿಲ್ಲ. ಅದು "ಈ ಹಾಳೆಯಲ್ಲಿ ಏನೂ ಇಲ್ಲ, ಒರಸಿ ಹೊಸದಾಗಿ ಗೆರೆ ಹಾಕಲೇ?" ಎಂದು ಕೇಳುತ್ತದೆ. ಫಾರ್ಮ್ಯಾಟ್ ಎಂಬ ಪ್ರಶ್ನೆಯ ಅರ್ಥವು ಇಷ್ಟೇ. ನನ್ನ ಕ್ಯಾಮರಾವು ಎಚ್.ಸಿ. ತಲೆಮಾರಿನದು, ಕಾರ್ಡು ಎಕ್ಸ್.ಸಿ. ತಲೆಮಾರಿನದು. ಒಳಗೆ ಪೆಟ್ಟಿಗೆ ತುಂಬ ಕಾಗದಗಳಿದ್ದರೂ ಬರಿದೆಂದು ಅದು ತಿಳಿಯಿತು, ನಾನೂ ಹಾಗೆಯೇ ಒಪ್ಪಿದೆನು. ಆದಕಾರಣ, ಒಳಗೆ ಏನಾದರೂ ಇರಬಹುದಾದ ಕಾರ್ಡನ್ನು ಯಾವ ಯಂತ್ರಕ್ಕೇ ಹಾಕಲಿ, ಫಾರ್ಮ್ಯಾಟಿನ ಪ್ರಶ್ನೆ ಬಂದರೆ "ಬೇಡ" ಎಂದು ಉತ್ತರ ಕೊಟ್ಟು ಕಾರ್ಡನ್ನು ಹೊರಕ್ಕೆ ತೆಗೆದು, ಮೊದಲು ಅದು ಯಾವ ಯಂತ್ರದಲ್ಲಿತ್ತೋ ಅದಕ್ಕೇ ಪುನಃ ಹಾಕಿ ನೋಡತಕ್ಕದ್ದು. ಅಲ್ಲಿ ಕಾಣಿಸಿದರೆ ಕಾರ್ಡು ಕ್ಷೇಮವಾಗಿದೆ.

ಅಕಸ್ಮಾತ್ ಒಪ್ಪಿಬಿಟ್ಟಲ್ಲಿ ಆಮೇಲೆ ಮಾಡತಕ್ಕದ್ದೇನು? ಅನಂತರ ಒಂದು ಚಿತ್ರವನ್ನೂ ತೆಗೆಯಕೂಡದು. ಸಾಮಾನ್ಯವಾಗಿ ಕ್ಯಾಮರಾ ಮಾಡುವ ಫಾರ್ಮ್ಯಾಟಿನಲ್ಲಿಯೂ, ಕಂಪ್ಯೂಟರಿನಲ್ಲಿ "ಕ್ವಿಕ್" ಎಂಬ ಗುರುತಿನಿಂದ ಮಾಡುವುದರಲ್ಲಿಯೂ ಖಾತೆಯ ಪುಟಗಳು ಮಾತ್ರ ಅಳಿಯುತ್ತವೆ. ಮೂಟೆಗಳು ಇದ್ದಲ್ಲಿಯೇ ಇರುತ್ತವೆ. ಮುಂದೆ ಬರೆಯುವ ಪ್ರತಿಯೊಂದು ಹೊಸ ಚಿತ್ರವೂ ಹಳೆಯ ಮೂಟೆಯೊಂದರ ಮೇಲೆ ಬೀಳುವುದು. ಅದನ್ನು ಮರಳಿ ಪಡೆಯುವ ಉಪಾಯವಿಲ್ಲ. ವಿಂಡೋಸ್ ವಿಸ್ತಾದಿಂದ ಈಚಿನ ಕಂಪ್ಯೂಟರುಗಳಲ್ಲಿ "ಕ್ವಿಕ್" ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರಂತೂ ಮೂಟೆಗಳೇ ಬರಿದಾಗುತ್ತವೆ. ಫೋಟೋರೆಕ್ ಎಂಬ ಉಚಿತ ಸಾಧನದಿಂದ ನಾನು ಆ ಕಾರ್ಡನ್ನು ಜಾಲಿಸಿದಾಗ ಬಹುಪಾಲು ಚಿತ್ರಗಳು ಹಿಂತಿರುಗಿ ದೊರೆತುವು. ಚಿತ್ರಗಳಿಗಿದ್ದ ಹೆಸರುಗಳು ಹೋಗಿದ್ದರೂ, ಒಂದೊಂದು ಚಿತ್ರದೊಳಗೂ ತೆಗೆದ ದಿನ ವೇಳೆಗಳು ಬರೆದಿರುವುದರಿಂದ ಹಿಡುವಳಿವಾರು ವಿಂಗಡಿಸಲು ಸಾಧ್ಯವಾಯಿತು. ಮೇವಿಗೆ ಸಾಗಿಸಿದ ಎರಡು ಹೊಲಗಳಲ್ಲಿ ಒಂದರ ಚಿತ್ರಗಳು ಬಂದುವು. ಇನ್ನೊಂದರವು ನನ್ನ ಆ ಇಪ್ಪತ್ತು ಚಿತ್ರಗಳ ಕೆಳಗೆ ಸಿಕ್ಕಿ ನಾಶವಾಗಿದ್ದುವು. ಆ ರೈತನ ಪರವಾಗಿ ತೋರಿಸಲು ನನ್ನ ಬಳಿಯಲ್ಲಿ ಏನೂ ಉಳಿಯಲಿಲ್ಲ.

ಮೂರು ಬಾಗಿಲುಗಳಲ್ಲದೆ ಫೋನುಗಳಲ್ಲಿ ನಾಲ್ಕನೆಯದೊಂದು ಉಂಟು. ಅದು ಎಲ್ಲಕ್ಕಿಂತಲೂ ಕಠಿನವಾದುದು. ೨೦೧೫ರಲ್ಲಿ ಬಂದ ಆಂಡ್ರಾಯ್ಡ್ ಆರನೆಯ ಆವೃತ್ತಿಯಿಂದ ಕೆಲವು ಫೋನುಗಳು, ಹೊಸ ಕಾರ್ಡನ್ನು ಹಾಕಿದಾಗ, ಅದನ್ನು ಒಯ್ಯಬಹುದಾದ ಕಾರ್ಡಾಗಿ ಇಟ್ಟುಕೊಳ್ಳಲೇ ಅಥವಾ ಫೋನಿನದೇ ಒಳ ಉಗ್ರಾಣವಾಗಿ ಮಾಡಿಕೊಳ್ಳಲೇ ಎಂದು ಕೇಳುತ್ತವೆ. ಸ್ಥಳ ಹೆಚ್ಚುತ್ತದೆಂಬ ಆಸೆಯಿಂದ ಎರಡನೆಯದನ್ನು ಒಪ್ಪಿದರೆ ಫೋನು ಆ ಕಾರ್ಡನ್ನು ಗುಪ್ತಲಿಪಿಯಲ್ಲಿ ಬರೆದು, ಅದರ ಬೀಗದ ಕೈಯನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆಮೇಲೆ ಆ ಕಾರ್ಡನ್ನು ಬೇರೆ ಯಾವ ಫೋನಿಗಾಗಲಿ ಕಾರ್ಡ್ ರೀಡರಿಗಾಗಲಿ ಹಾಕಿದರೆ ಏನೂ ಕಾಣದು. ಫೋನು ನೀರಿಗೆ ಬಿದ್ದು ಕೆಟ್ಟರೆ ಕಾರ್ಡು ಕ್ಷೇಮವಾಗಿದ್ದರೂ ಕಾಗದಗಳು ಹೋದಂತೆಯೇ. ಜಮೀನಿನ ದಾಖಲೆಗಳನ್ನು ಇಡತಕ್ಕವರು ಒಯ್ಯಬಹುದಾದ ಕಾರ್ಡೆಂಬುದನ್ನೇ ಆರಿಸಿಕೊಳ್ಳಬೇಕು.

ಅನೇಕ ಫೋನುಗಳಲ್ಲಿ ಎರಡನೆಯ ಸಿಮ್ಮಿಗೂ ಕಾರ್ಡಿಗೂ ಒಂದೇ ಗೂಡು ಇರುವುದರಿಂದ ಒಂದನ್ನು ಹಾಕಿದರೆ ಇನ್ನೊಂದಕ್ಕೆ ಎಡೆಯಿರುವುದಿಲ್ಲ. ಕೆಲವು ಹೊಸ ಫೋನುಗಳಲ್ಲಿ ಕಾರ್ಡಿಗೆ ಗೂಡೇ ಇಲ್ಲ. ಇದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯುವುದು ಮೇಲು. ಕಾರ್ಡಿನ ಮೇಲೆ ವೃತ್ತದೊಳಗೆ ಬರೆದಿರುವ ೪, ೬, ೧೦ ಎಂಬ ಅಂಕಿಗಳು ಅದು ಸೆಕೆಂಡಿಗೆ ಕಡೇಪಕ್ಷ ಎಷ್ಟು ಮೆಗಾಬೈಟುಗಳನ್ನು ಬರೆದುಕೊಳ್ಳುವುದೆಂಬ ವೇಗವನ್ನು ಸೂಚಿಸುತ್ತವೆ. ವೇಗವು ಹೆಚ್ಚು ಕಡಿಮೆಯಾದುದರಿಂದ ಹೊಂದಾಣಿಕೆಯು ಕೆಡುವುದಿಲ್ಲ. ಚಲಚ್ಚಿತ್ರ ತೆಗೆಯುವಾಗ ಮಾತ್ರ ನಿಧಾನದ ಕಾರ್ಡು ನಡುವೆ ನಿಂತುಹೋಗಬಹುದು.

ಕಾರ್ಡ್ ರೀಡರಿನ ವಿಷಯದಲ್ಲಿ, ಕಂಪ್ಯೂಟರು ಹಳೆಯದೆಂದ ಮಾತ್ರಕ್ಕೆ ಅದನ್ನು ಬಿಸುಡಬೇಕಾದುದಿಲ್ಲ. ಅದರೊಳಗೆ ಕೂಡಿಸಿರುವ ಹಳೆಯ ರೀಡರು ಓದದಿದ್ದರೆ, ಎಕ್ಸ್.ಸಿ. ಎಂಬ ಗುರುತುಳ್ಳ ಪುಟ್ಟ ಯು.ಎಸ್.ಬಿ. ರೀಡರನ್ನು ಹೊರಗಿನಿಂದ ಸಿಕ್ಕಿಸಿದರೆ ಸಾಕು. ಅದು ಹಿಂದಿನ ಎಲ್ಲ ತಲೆಮಾರುಗಳನ್ನೂ ಓದುತ್ತದೆ. ಹೀಗೆ ಮಾಡಿದ ಮೇಲೂ ಆ ಕಂಪ್ಯೂಟರಿನ ವಿಂಡೋಸ್ ಎಕ್ಸ್.ಪಿ.ಯಷ್ಟು ಹಳೆಯದಾಗಿದ್ದರೆ, ಎಕ್ಸ್‌ಫ್ಯಾಟ್ ಲಿಪಿಯನ್ನು ಅದಕ್ಕೆ ಬೇರೆಯಾಗಿ ಕಲಿಸಿರದ ಹೊರತು ಫಾರ್ಮ್ಯಾಟಿನ ಪ್ರಶ್ನೆಯನ್ನೇ ಕೇಳುವುದು. ಉತ್ತರವನ್ನು ಮೇಲೆ ಹೇಳಿದೆ. ಒರೆಯನ್ನು ಬಿಟ್ಟು ಚಿಕ್ಕ ಕಾರ್ಡನ್ನು ನೇರವಾಗಿ ರೀಡರಿನ ಚಿಕ್ಕ ಗೂಡಿಗೆ ಹಾಕುವುದು ಉತ್ತಮ. ಹೊನ್ನಿನ ಬಣ್ಣದ ಪಟ್ಟಿಗಳಿಗೆ ಹೊಲದ ಧೂಳು ಅಥವಾ ಬೆವರಿನ ಜಿಡ್ಡು ಹತ್ತಿದ್ದರೆ ಒಣಗಿದ ಮೆತ್ತನೆಯ ಬಟ್ಟೆಯಿಂದ ಒರಸತಕ್ಕದ್ದು.

ಕೊಳ್ಳುವಾಗ ಬರುವ ಎರಡು ಸಂದೇಹಗಳಲ್ಲಿ ಒಂದು ನಿರಾಧಾರವಾದುದು, ಇನ್ನೊಂದು ಸಕಾರಣವಾದುದು. ೩೨ ಜಿ.ಬಿ. ಎಂದು ಬರೆದಿರುವ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ೨೯ ಚಿಲ್ಲರೆ ಎಂದು ತೋರಿಸುತ್ತದೆ. ಅಂಗಡಿಯವನು ಮೋಸಮಾಡಿದನೆಂದು ಜಗಳವಾಡಬೇಕಾದುದಿಲ್ಲ. ತಯಾರಕರು ನೂರು ಕೋಟಿ ಬೈಟುಗಳನ್ನು ಒಂದು ಜಿ.ಬಿ. ಎನ್ನುವರು, ಕಂಪ್ಯೂಟರು ೧೦೨೪ರ ಮಡಿಯಲ್ಲಿ ಎಣಿಸಿ ೧೦೭ ಕೋಟಿಗೂ ಮಿಕ್ಕ ಬೈಟುಗಳನ್ನು ಒಂದು ಜಿ.ಬಿ. ಎನ್ನುವುದು, ಹಿಂದೆ ಊರಿಂದೂರಿಗೆ ಸೇರಿನ ಅಳತೆಯು ಬೇರೆಯಾಗಿದ್ದಂತೆಯೇ ಇದು. ಆದರೆ ೨೫೬ ಜಿ.ಬಿ., ೫೧೨ ಜಿ.ಬಿ. ಎಂದು ಮೇಲೆ ಅಚ್ಚುಹಾಕಿ ಸಂತೆಯಲ್ಲಿ ಅಗ್ಗವಾಗಿ ಮಾರುವ ಕಾರ್ಡುಗಳಲ್ಲಿ ಒಳಗೆ ೮ ಜಿ.ಬಿ. ಮಾತ್ರ ಇರುವುದುಂಟು. ಅವು ಯಂತ್ರಕ್ಕೂ ಸುಳ್ಳು ಲೆಕ್ಕವನ್ನೇ ಒಪ್ಪಿಸುತ್ತವೆ. ನಿಜವಾದ ಸ್ಥಳವು ತುಂಬುವ ವರೆಗೆ ಎಲ್ಲವೂ ಸರಿಯಾಗಿದ್ದು, ಅನಂತರ ಹಾಕಿದ ಚಿತ್ರಗಳು ತೂತಿನ ಕಣಜಕ್ಕೆ ಸುರಿದ ಕಾಳಿನಂತೆ ಹೋಗಿಬಿಡುತ್ತವೆ. ಎಚ್-ಟು-ಟೆಸ್ಟ್-ಡಬ್ಲ್ಯು ಎಂಬ ಉಚಿತ ಸಾಧನವು ಕಾರ್ಡಿನ ತುಂಬ ಬರೆದು, ಪುನಃ ಓದಿ, ತಾಳೆ ನೋಡಿ ನಿಜಸ್ಥಿತಿಯನ್ನು ತಿಳಿಸುತ್ತದೆ. ಹೊಸ ಕಾರ್ಡನ್ನು ಬರಿದಾಗಿರುವಾಗಲೇ ಹೀಗೆ ಪರೀಕ್ಷಿಸಿ, ಅಂಗಡಿಯ ರಸೀತಿಯನ್ನು ಅಲ್ಲಿಯ ವರೆಗೆ ಇಟ್ಟುಕೊಂಡಿರಬೇಕು.

ಫೋನು, ಹಳೆಯ ಕ್ಯಾಮರಾ, ಜಿ.ಪಿ.ಎಸ್. ಯಂತ್ರ ಇವುಗಳ ನಡುವೆ ಕಾರ್ಡನ್ನು ಬದಲಾಯಿಸಬೇಕಾದ ಗೃಹಸ್ಥರಿಗೆ ನನ್ನ ಅಭಿಪ್ರಾಯದಲ್ಲಿ ಎಚ್.ಸಿ. ಗುರುತಿನ ೩೨ ಜಿ.ಬಿ. ಕಾರ್ಡೇ ಅನುಕೂಲವಾದುದು. ಅದಕ್ಕಿಂತ ದೊಡ್ಡದನ್ನು ಕೊಂಡು ಸಾಧಿಸುವುದು ಅಷ್ಟೇನೂ ಇಲ್ಲ. ಫ್ಯಾಟ್-೩೨ ಪದ್ಧತಿಯಲ್ಲಿ ೪ ಜಿ.ಬಿ.ಗೆ ಮೇಲ್ಪಟ್ಟ ಒಂದೇ ಕಡತವನ್ನು ಇಡಲಾಗದೆಂಬ ಕೊರತೆಯುಂಟಾದರೂ, ಅದು ಗಂಟೆಗಟ್ಟಲೆ ಚಲಚ್ಚಿತ್ರ ತೆಗೆಯುವವರಿಗೆ ಮಾತ್ರ ಅಡ್ಡಿ. ೬೪ ಜಿ.ಬಿ. ಕಾರ್ಡನ್ನೇ ಫ್ಯಾಟ್-೩೨ಕ್ಕೆ ತಿದ್ದಿ ಹಳೆಯ ಯಂತ್ರಗಳಲ್ಲಿ ನಡೆಯಿಸುವವರೂ ಇದ್ದಾರೆ. ಅನೇಕ ಯಂತ್ರಗಳಲ್ಲಿ ನಡೆಯುತ್ತದೆ, ಆದರೆ ತಯಾರಕರು ಹೊಣೆಯಾಗುವುದಿಲ್ಲ. ಬೆಳೆನಷ್ಟದ ಚಿತ್ರಗಳನ್ನಾಗಲಿ ದಾಖಲೆಗಳನ್ನಾಗಲಿ ತೆಗೆದ ದಿವಸ ಸಾಯಂಕಾಲವೇ ಬೇರೊಂದು ಕಡೆಗೆ ನಕಲು ಮಾಡಿಟ್ಟು, ಆ ಬಳಿಕವೇ ಕಾರ್ಡನ್ನು ಇನ್ನೊಂದು ಯಂತ್ರಕ್ಕೆ ಹಾಕತಕ್ಕದ್ದು.

ರೈತ ಸಂಪರ್ಕ ಕೇಂದ್ರಕ್ಕೆ ಓದದ ಕಾರ್ಡನ್ನು ತರುವವರು ಕಾರ್ಡನ್ನು ಮಾತ್ರ ಚೀಟಿಯಲ್ಲಿ ಸುತ್ತಿ ಕಳುಹಿಸದೆ, ಅದು ಇದ್ದ ಫೋನನ್ನೋ ಕ್ಯಾಮರಾವನ್ನೋ ಜೊತೆಗೆ ತರಬೇಕಾಗಿ ಕೋರುತ್ತೇನೆ. ನಡುವೆ ಯಾವ ಯಾವ ಯಂತ್ರಗಳಿಗೆ ಹಾಕಿದ್ದರು, ಯಾವ ಪ್ರಶ್ನೆಗೆ ಏನೆಂದು ಉತ್ತರ ಕೊಟ್ಟರು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ಅರ್ಧ ಕೆಲಸವಾದಂತೆ.